ಹೆಣ ಇಲ್ಲದ ಕಾದಂಬರಿ

ಜುಲೈ 28, ಭಾನುವಾರ. ಸೊಲ್ಲಾಪುರ, ಹಾಸ್ಟೆಲ್

ಮೊದಲಿಗೇ ತಪ್ಪಾತು ಅಂತ ಹೇಳಿಬಿಡತೀನಿ. ಯಾರಿಗೆ ಅಂತ ಗೊತ್ತಿಲ್ಲ, ಈ ವಹಿಗೇ ಅನ್ನೂಣು. ನನ್ನಂಥಾಕಿ ಕನ್ನಡದಾಗ ಬರಿಯೂದು ಅಂದ್ರ ಜಾಸ್ತೀನ ಆತು. ನಾಲ್ಕನೇತ್ತಾ ತನಕ ಊರ ಕನ್ನಡ ಸಾಲಿ, ಅದರ ಮುಂದ ಇಂಗ್ಲಿಷ್ ಮೀಡಿಯಂ, ಹಾಸ್ಟೆಲ್ಲು. ನನಗ ಹದಿನೆಂಟು, ನನ್ನ ಕನ್ನಡಕ್ಕ ಇನ್ನೂ ಒಂಬತ್ತು.

ಆದ್ರ ಕಾಲೇಜಿನ ಕೌನ್ಸೆಲರ್ ಮ್ಯಾಡಮ್ "ಡೈರಿ ಬರಿ, ಎಂಗ್ಝೈಟಿ ಕಡಿಮಿ ಆಗತದ" ಅಂದ್ರು. ಇಂಗ್ಲಿಷ್‌ನಾಗ ಶುರು ಮಾಡಿದ್ದೆ. ರೂಮಿನಾಕಿ ತಗದು ಓದಿ, "ಹೂ ಇಸ್ ದಿಸ್ ಪುವರ್ ಗರ್ಲ್?" ಅಂತ ಕೇಳಿದ್ಲು. ಅದಕ್ಕ ಕನ್ನಡ. ಆಕಿಗೆ ಬರಂಗಿಲ್ಲ.

ಇವತ್ತಿನ ರಿಪೋರ್ಟ್: ಮೆಸ್‌ನಾಗ ಇನ್ನೊಂದು ಚಪಾತಿ ಕೇಳಬೇಕು ಅಂತ ಮನಸಿನ್ಯಾಗ ವಾಕ್ಯ ರೆಡಿ ಮಾಡಕೊಂಡೆ. ಮರಾಠಿಯೊಳಗೊಂದು, ಹಿಂದಿಯೊಳಗೊಂದು. ಬಡಸೋ ಮಾವಶಿ ನನ್ನ ಕಡೆ ನೋಡಿದ್ರು. ನಾ ತಾಟು ತೊಳಿಯಾಕ ಹೋದೆ.

ಆಗಸ್ಟ್ 4, ಭಾನುವಾರ. ಊರಾಗ

ಅಮಾಸಿ. ಅಕ್ಕಲಕೋಟದ ತನಕ ಎಸ್ಟಿ ಬಸ್ಸು, ಅಲ್ಲಿಂದ ಮೈಂದರ್ಗಿ ಬಸ್ಸು, ಆಮ್ಯಾಲ ಅಪ್ಪನ ಗಾಡಿ. ಬಸ್ಸಿನ್ಯಾಗ ಕಂಡಕ್ಟರ್ ಚಿಲ್ಲರ ಕೊಡೂದು ಮರತ. ನಾ ಕೇಳಲಿಲ್ಲ.

ಅಮಾಸಿಗೊಮ್ಮೆ ನಮ್ಮೂರ ಬೀರೋಬಾನ ಗುಡಿಯಾಗ ಡೊಳ್ಳು ಬಾರಸ್ತಾರ. ಎಲ್ಲಾರೂ ಒಳಗ, ನಮ್ಮ ಮುತ್ಯಾ, ಅಪ್ಪನ ಅಪ್ಪ ಅಮೋಗಸಿದ್ಧ, ಮಾತ್ರ ಹೊರಗ ಬೇವಿನ ಗಿಡದ ಬುಡಕ. ಸಣ್ಣಾಕಿದ್ದಾಗಿಂದ ನೋಡೀನಿ. ಅಲ್ಲಿ ನೆಳ್ಳದ, ಅದಕ್ಕ ಕೂಡತಾನ ಅಂತ ತಿಳಿದಿದ್ದೆ. ಇವತ್ತ ನೋಡಿದ್ರ, ಒಳಗ ಡೊಳ್ಳು ಬಡಿಯೋ ಹೊತ್ತಿಗೆ ಅವನ ಬೆರಳು ಮೊಣಕಾಲ ಮ್ಯಾಲ ಕುಣಿಯಾಕತ್ತಿದ್ದವು. ಒಳಗಿನವರು ತಾಳ ತಪ್ಪಿದಲ್ಲಿ ಇಂವಾ ತಪ್ಪಲಿಲ್ಲ. ಪೂಜಾರಿ ಮಲಕಾಜಪ್ಪ ಕಾಕಾ ಅರಿಶಿಣ ಭಂಡಾರ ತಗೊಂಡು ಹೊರಗ ಬಂದು, ನನ್ನ ಹಣಿಗೂ ಹಚ್ಚಿ, ಅಲ್ಲೇ ಮಲಗಿದ್ದ ಎಮ್ಮಿಗೂ ಹಚ್ಚಿ, ಮುತ್ಯಾನ ದಾಟಿ ಹ್ವಾದ.

ಮನಿಗೆ ಬಂದು ಆಯಿಗೆ, ಅಂದ್ರ ಮುತ್ಯಾನ ಹೆಂಡ್ತಿಗೆ, ಕೇಳಿದೆ. ಆಯಿ ಬೀರವ್ವ ರೊಟ್ಟಿ ಬಡಿಕೋತ ಹೇಳಿದ್ಲು, ಪ್ಯಾಟಿ ಭಾವ ಹೇಳಿದಂಗ.

"ಕೊಲೆ ಕೇಸ್ ಬೇ ಅದು. ನಿಮ್ಮಪ್ಪ ಇನ್ನೂ ತೊಟ್ಟಿಲದಾಗಿದ್ದ. ಮಲಕಾಜಿಯ ಅಣ್ಣ ಮರೆಪ್ಪ ಮತ್ತ ಇಂವಾ ಕೂಡಿ ಕುರಿ ಹೊಡಕೊಂಡು ಭೀಮಾ ದಂಡಿಗೆ ಹೋದ್ರು. ಇಂವಾ ಒಬ್ಬನ ತಿರುಗಿ ಬಂದ. ಎರಡೂ ಮನಿ ಕುರಿ ಬಂದವು. ಮರೆಪ್ಪ ಎಲ್ಲಿ ಅಂದ್ರ, 'ಹ್ವಾದ' ಅಂದ. ಎಲ್ಲಿಗೆ ಅಂದ್ರ ಬಾಯಿ ತಗೀಲಿಲ್ಲ. ಇವನ ಹೊರಿಯೊಳಗ ಮರೆಪ್ಪನ ಕಂಬಳಿ ಇತ್ತು. ರಕ್ತ ಒಣಗಿದ್ದು."

ನಮ್ಮ ಮಂದಿಗೆ ಅಷ್ಟ ಸಾಕು. ಕುರಿ ಕಾಯೋನಿಗೆ ಕಂಬಳೀನ ಹಾಸಿಗಿ, ಅದ ಛತ್ರಿ, ಅದ ಮನಿ. ಜೀವ ಇರೋ ತನಕ ಯಾರೂ ಕಂಬಳಿ ಬಿಟ್ಟು ಹೋಗಂಗಿಲ್ಲ. ಪೊಲೀಸರು ಹೆಣ ಹುಡುಕಿದ್ರು, ಸಿಗಲಿಲ್ಲ, ಬಿಟ್ರು. ಪೊಲೀಸರಿಗೆ ಹೆಣ ಬೇಕಿತ್ತು. ಊರಿಗೆ ಕಂಬಳಿ ಸಾಕಾತು. ಆವತ್ತಿಂದ ಮುತ್ಯಾಗ ಗುಡಿ ಇಲ್ಲ, ಭಂಡಾರ ಇಲ್ಲ, ಡೊಳ್ಳಿಲ್ಲ. ಅದಕ್ಕಿಂತ ಮೊದಲ ಎಲ್ಲಾರಿಗಿಂತ ಮುಂದ ನಿಂತು ಬಾರಸೋ ಡೊಳ್ಳು ಅವಂದ ಇತ್ತಂತ.

"ಆಯಿ, ಮುತ್ಯಾನ ಮಾಡ್ಯಾನೇನು?"

"ಇಂವಾ? ಹಾಸಿಗಿ ಝಾಡಸು ಅಂದ್ರ ನಾಳೆ ಅಂತಾನ. ಕೊಲೆ ಅಂದ್ರ ಎಷ್ಟು ಕೆಲಸ ಇರತದ."

ಆಗಸ್ಟ್ 11, ಭಾನುವಾರ. ಸೊಲ್ಲಾಪುರ

ನನ್ನ ಕ್ಲಾಸಿನ ಶುಭಾಂಗಿ ಇದ್ದಾಳ. ನನಗಿರೋದು ಆಕಿ ಒಬ್ಬಾಕಿ ಫ್ರೆಂಡು. ನಾ ಮಾಡಕೊಂಡಿದ್ದಲ್ಲ, ಆಕೀನ ಬಂದು ಮಗ್ಗಲಾ ಕುಂತು ಮಾತಾಡಾಕ ಶುರು ಮಾಡಿದ್ಲು, ಇನ್ನೂ ನಿಂತಿಲ್ಲ. ಅವರ ಅಪ್ಪಂದು ಮಂಗಳವಾರ ಪೇಟೆದಾಗ ಚಾದರ್-ಕಂಬಳಿ ದುಕಾನ. ರೊಕ್ಕದ ಗಲ್ಲೆ ಹಿಂದ ಹಳೇ ಕನ್ನಡ ಪತ್ತೇದಾರಿ ಪುಸ್ತಕಗಳ ರಾಶಿ, ಗಿರಾಕಿ ಇಲ್ಲದಾಗ ಅವರು ಓದತಾರ. ಮೂರು ಎತ್ತಿ ನನ್ನ ಕೈಯಾಗ ಇಟ್ರು. "ಒಯ್ಯವ್ವಾ. ನಮ್ಮಾಕಿಗೆ ಕನ್ನಡ ಓದಾಕ ಬರಂಗಿಲ್ಲ, ಮಾತಾಡಾಕ ಅಷ್ಟ ಬರತದ."

ಮೂರೂ ಮುಗಿಸಿದೆ. ಕೂಡಿಸಿ ಕೂಡಿಸಿ ಓದಿದೆ, ಆದ್ರ ಮುಗಿಸಿದೆ. ಶುಭಾಂಗಿಗೆ ಮುತ್ಯಾನ ಕೇಸ್ ಹೇಳಿದೆ. ಆಕಿ ವಡಾಪಾವ್ ಕೆಳಗಿಟ್ಲು. ಹಂಗ ಎಂದೂ ಇಡಂಗಿಲ್ಲ.

"ಅಗ ದೀಪಾಲಿ, ಇದನ್ನ ಬರಿ. ನಾವೆಲ್ ಬರಿ. ದಿನಾ ಒಂದ್ ಚಾಪ್ಟರ್ ನನಗ ಓದಿ ಹೇಳು."

"ಕೊಲೆಗಾರ ಯಾರಂತ ನನಗ ಗೊತ್ತಿಲ್ಲಲ್ಲಾ."

"ಮುಗಿಯೂದರಾಗ ಗೊತ್ತು ಮಾಡಕೋ. ಅದ ನಾವೆಲ್ಲು."

ಮುತ್ಯಾ ಬದುಕಿರೋದರಾಗ ಅವನ ಹಣಿಗೆ ಭಂಡಾರ ಬೀಳಬೇಕು. ಕಥಿ ಒಳಗರೆ.

ಆಗಸ್ಟ್ 19, ಸೋಮವಾರ

ಚಾಪ್ಟರ್ ಒಂದು ಆತು. ನನ್ನ ಡಿಟೆಕ್ಟಿವ್: ಇನ್ಸ್‌ಪೆಕ್ಟರ್ ಯೋಗಿರಾಜ. ಎತ್ತರದ ಆಳು, ಬ್ಲ್ಯಾಕ್ ಕಾಫಿ, ಯಾರಿಗೂ ಅಂಜಂಗಿಲ್ಲ. ಹೊಸ ಮಂದಿ ಸಂಗಟ ಮಾತಾಡಬೇಕಾದ್ರ ಅಂವಾ ಮೊದಲ ಮನಸಿನ್ಯಾಗ ವಾಕ್ಯ ರೆಡಿ ಮಾಡಕೊಳ್ಳಂಗಿಲ್ಲ. ಕೊಲೆಗಾರನ್ನೂ ಗೊತ್ತು ಮಾಡೀನಿ: ಮಲಕಾಜಪ್ಪ ಕಾಕಾ. ಹೆಸರು ಬದಲಿ ಮಾಡೀನಿ, ಮೀಸಿ ಹಂಗ ಇಟ್ಟೀನಿ. ಆಸ್ತಿಗಾಗಿ ತನ್ನ ಅಣ್ಣನ್ನ ಕೊಂದು, ದೋಸ್ತನ ಮ್ಯಾಲ ಹಾಕಿದ.

ಶುಭಾಂಗಿ ಅಂದ್ಲು, "ಯೋಗಿರಾಜಗ ಲಗ್ನ ಆಗ್ಯದೇನು?"

ಸೆಪ್ಟೆಂಬರ್ 2, ಸೋಮವಾರ. ಊರಾಗ

ಮತ್ತ ಅಮಾಸಿ. ಬೇವಿನ ಗಿಡದ ಬುಡಕ ಕುಂತು ಮುತ್ಯಾಗ ಮೂರು ಚಾಪ್ಟರ್ ಓದಿ ಹೇಳಿದೆ. ಕೆಣಕಬೇಕು ಅಂತ. ಎಲ್ಲಾ ಕೇಳಿದ. ಕಡೀಕ ಒಂದ ಪ್ರಶ್ನೆ: "ಇಂವಾ ಪೊಲೀಸಪ್ಪಾ ಚಾ ಕುಡಿಯಂಗಿಲ್ಲೇನು?"

"ಮುತ್ಯಾ, ಮರೆಪ್ಪನ್ನ ಯಾರು ಕೊಂದ್ರು?"

"ನೀನ ಬರದೀಯಲ್ಲ, ಮೀಸಿ ಇರಾಂವಾ."

"ಅದು ಕಥಿ. ಖರೇನ ಹೇಳು."

ಬೇವಿನ ಕಡ್ಡಿ ಮುರಿದು ಮಣ್ಣಾಗ ಗೆರಿ ಎಳಕೋತ ಕುಂತ. ಮೊದಲೂ ಹಂಗ. ನನಗ ಅಕ್ಷರ ಕಲಿಯೂದಕ್ಕಿಂತ ಮೊದಲ ಮಣ್ಣಾಗ ಮನಿ ಮನಿ ಕಿವಿಗುರುತು ಬರದು ತೋರಸ್ತಿದ್ದ. ಕುರಿಮರಿ ಹುಟ್ಟಿದ ಮ್ಯಾಲ ಕಿವಿ ಕೊಯ್ದು ಗುರುತು ಹಾಕತಾರ, ಒಂದೊಂದು ಮನೀದು ಒಂದೊಂದು ನಮೂನಿ. ಇವತ್ತ ಬರದಿದ್ದು ಮರೆಪ್ಪನ ಮನೀದು: ಎಡಗಿವಿ ತುದಿ ಎರಡು ಸೀಳು, ಬಲಗಿವಿ ಅಂಚಿಗೆ ಅರ್ಧಚಂದ್ರ. ಮಲಕಾಜಪ್ಪ ಕಾಕಾ ಕುರಿ ಎಲ್ಲಾ ಮಾರಿ ದ್ರಾಕ್ಷಿ ಹಚ್ಚಿ ಎಷ್ಟೋ ವರ್ಷ ಆತು. ಈಗ ಆ ಗುರುತಿನ ಕುರಿ ಎಲ್ಲೂ ಇಲ್ಲ. ಮುತ್ಯಾ ಅದರ ಮ್ಯಾಲ ಕೈ ಆಡಿಸಿ ಅಳಿಸಿಬಿಟ್ಟ.

ಬರೋವಾಗ ಕಂಡಕ್ಟರ್‌ಗೆ ಚಿಲ್ಲರ ಕೇಳಿದೆ. ಅಂವಾ ಕೊಟ್ಟ. ವಿಶೇಷ ಏನಿಲ್ಲ.

ಸೆಪ್ಟೆಂಬರ್ 10, ಮಂಗಳವಾರ. ಸೊಲ್ಲಾಪುರ

ಲಗೂ ಲಗೂ ಬರಿಯಾಕತ್ತೀನಿ, ಅಕ್ಷರ ಸೊಟ್ಟ ಆದ್ರ ಆಗಲಿ.

ಕಾದಂಬರಿಗೆ ಕುರಿ ಸಂತಿ ಸೀನ್ ಬೇಕಂತ ಶುಭಾಂಗಿ ಇವತ್ತ ನನ್ನ ಬಜಾರಕ್ಕ ಎಳಕೊಂಡು ಹೋದ್ಲು. ರಸ್ತೆ ತುಂಬ ಗಣಪತಿ ಲೇಝೀಮ್ ಪ್ರ್ಯಾಕ್ಟೀಸು. ಆಕಿ ಹೊಸಾ ಚಪ್ಪಲಿ ಹಾಕ್ಕೊಂಡು ಬಂದಿದ್ಲು, ಕುರಿ ಬಜಾರಕ್ಕ. ಆಕಿ ಕಾಲು ನೋಡಿ ನಡಿಯಾಕತ್ತಿದ್ಲು, ನಾ ಕುರಿ ನೋಡಿ.

ಒಂದು ಕರಿ ಕುರಿ. ಎಡಗಿವಿ ಎರಡು ಸೀಳು, ಬಲಗಿವಿಗೆ ಅರ್ಧಚಂದ್ರ.

ಅದರ ಮಗ್ಗಲದ್ದೂ ಹಂಗ. ಅದರಾಚೆದ್ದೂ. ಕೊಯ್ದು ಭಾಳ ದಿನ ಆಗಿದ್ದಿಲ್ಲ, ಅಂಚು ಇನ್ನೂ ಎಳೇದಿತ್ತು. ಮಾರಾಕ ಬಂದಾಂವಾ ನನಗಿಂತ ಸ್ವಲ್ಪ ದೊಡ್ಡವ, ಕಿವಿಯೊಳಗ ಇಯರ್‌ಫೋನು. ನಾ ಅದನ್ನ ಕಿತ್ತು ಕೇಳಿದೆ, "ಈ ಕಿವಿ ಯಾರು ಕೊಯ್ದ್ರು?"

"ಕಾಯ ಝಾಲಂ? ಯಾಕ್ರೀ ಮ್ಯಾಡಮ್? ಕಳುವಿನ ಮಾಲಲ್ಲ."

"ಯಾರು ಕೊಯ್ದ್ರು ಅಂತ ಕೇಳೀನಿ."

"ನಮ್ಮ ಮುತ್ಯಾ. ನಂದೇಶ್ವರದಾಗ. ಇಡೀ ಮಂಗಳವೇಢಾ ತಾಲೂಕಿನ್ಯಾಗ ಈ ಗುರುತು ಯಾರೂ ಹಾಕಂಗಿಲ್ರಿ, ಅಂವಾ ಒಬ್ಬನ."

"ಹೆಸರೇನು?"

"ನಂದು ಸೂರಜ."

"ನಿಂದ್ಯಾರು ಕೇಳ್ಯಾರೋ ಮಾರಾಯಾ. ಮುತ್ಯಾಂದು."

"ಮರೆಪ್ಪ."

ಶುಭಾಂಗಿ ಹೊಸಾ ಚಪ್ಪಲಿ ಸಮೇತ ಕುರಿ ಹಿಕ್ಕಿ ಒಳಗ ಕುಂತೇಬಿಟ್ಲು.

ಸೆಪ್ಟೆಂಬರ್ 11, ಬುಧವಾರ

ಮರೆಪ್ಪ ಸತ್ತಿಲ್ಲ. ನನ್ನ ಕಾದಂಬರಿ ಸತ್ತಿತು.

ಸೆಪ್ಟೆಂಬರ್ 15, ಭಾನುವಾರ. ರಾತ್ರಿ ಊಟ ಆದ ಮ್ಯಾಲ

ಶುಭಾಂಗಿ ಬರತೀನಿ ಅಂದಿದ್ಲು. ಅವರ ಮನ್ಯಾಗ ಗಣಪತಿ, ಬಿಡಲಿಲ್ಲ. ಒಬ್ಬಾಕೀನ ಹೋಗಿ ಬಂದೆ. ಮಂಗಳವೇಢಾ ತನಕ ಎಸ್ಟಿ, ಅಲ್ಲಿಂದ ಜೀಪು. ಜೀಪಿನಾಂವಾ ಹದಿನಾರು ಮಂದಿ ತುಂಬಿ ಇನ್ನೊಬ್ಬನ್ನ ಕರದ. ನಾ ಜಾಗಾ ಇಲ್ಲ, ಗಾಡಿ ಬಿಡು ಅಂದೆ. ಬಿಟ್ಟ.

ಮುದುಕ ಅಂಗಳದಾಗ ಹೊರಸಿನ ಮ್ಯಾಲ ಕುಂತು ಮರಿಯ ಗೊರಸು ನೋಡಾಕತ್ತಿದ್ದ. ಬಾಯಾಗ ಒಂದೂ ಹಲ್ಲಿಲ್ಲ. ಸೂರಜ "ಬಜಾರದಾಗಿನ ಮ್ಯಾಡಮ್ ಬಂದಾರ" ಅಂದ. ನಾ ರೆಡಿ ಮಾಡಕೊಂಡಿದ್ದ ವಾಕ್ಯ ಎಲ್ಲಾ ಮರತು, "ನಾ ಅಮೋಗಸಿದ್ಧನ ಮೊಮ್ಮಗಳು" ಅಂದೆ.

ಮರಿ ಕೈಯಿಂದ ಜಾರಿ ಓಡಿತು.

ಮುದುಕ ಕೇಳಿದ, "ಅದಾನೇನು?"

"ಅದಾನ. ನೀವ ಇಲ್ಲ. ನೀವು ಸತ್ತು ನಲವತ್ತು ವರ್ಷದ ಮ್ಯಾಲಾತು."

"ನಾ ಸತ್ತೀನಿ?"

"ಕೊಲೆ ಆಗ್ಯದ."

"ಯಾರು ಕೊಂದ್ರಂತ?"

"ನಮ್ಮ ಮುತ್ಯಾ."

"ಅಮೋಗ?" ಬೊಚ್ಚು ಬಾಯಿ ತಗದು ನೋಡಿದ. "ಕೋಳಿ ಕೊಯ್ಯೂದಿದ್ರ ನನ್ನ ಕರೀತಿದ್ದಲ್ಲವಾ ಅಂವಾ." ಆಮ್ಯಾಲ ನಕ್ಕ. ನಕ್ಕು ನಕ್ಕು ಕಂಬಳಿ ತುದಿಲೆ ಕಣ್ಣು ಒರಸಾಕ ಶುರು ಮಾಡಿದ, ಅದು ನಗೂನ ಅಳೂನ ತಿಳೀಲಿಲ್ಲ.

ಒಳಗಿಂದ ಅವನ ಹೆಂಡ್ತಿ ಬಂದ್ಲು, ಲೀಲಾಬಾಯಿ. ಆಕೀನ ಕಾರಣ. ಆಕಿ ಕಬ್ಬು ಕಡಿಯೋರ ಮಗಳು, ನಮ್ಮ ಪೈಕಿ ಅಲ್ಲ. ಮನಿಯವರು ಮರೆಪ್ಪಗ ಬ್ಯಾರೆ ಹೆಣ್ಣು ಗೊತ್ತು ಮಾಡಿದ್ರು, ತಮ್ಮ ಮಲಕಾಜಪ್ಪ "ಆಕೀನ ತಂದ್ರ ಇಬ್ಬರನೂ ಕೊಡ್ಲಿಲೆ ಕಡಿತೀನಿ" ಅಂದಿದ್ದ. ಭೀಮಾ ದಂಡಿ ಮ್ಯಾಲ ಒಂದು ಮುಂಜಾನೆ ಆಕಿ ಮಂದಿ ಲಾರಿ ಹೊಂಟಿತು.

"ಅದ ಹೊತ್ತಿಗೆ ಒಂದು ಕುರಿ ಈಯಾಕ ಹತ್ತಿತ್ತು," ಅಂದ್ಲು ಲೀಲಾಬಾಯಿ. "ಈ ಮಹಾಶಯಾ ಅದರ ಮಗ್ಗಲಾ ಕುಂತಾನ. ಲಾರಿ ಹಾರ್ನ್ ಹೊಡಿಯಾಕತ್ತದ, ನಮ್ಮಪ್ಪ ಬಯ್ಯಾಕತ್ತಾನ. ನನಗಿಂತ ಮರಿ ಚಿಂತಿ ಹೆಚ್ಚಿತ್ತು ಇವಗ."

"ಅಡ್ಡ ಬಿದ್ದಿತ್ತ ಮರಿ. ಹೊರಗ ಬಂದು ಥರಾಥರಾ ನಡಗಾಕತ್ತಿತು. ಕಂಬಳಿ ಹೊಚ್ಚಿ ಓಡಿದೆ," ಅಂದ ಮುದುಕ.

ಆ ರಕ್ತ. ಆ ಕಂಬಳಿ.

"ಮುತ್ಯಾಗ ಗೊತ್ತಿತ್ತೇನು?"

"ಗೊತ್ತಿಲ್ಲದ ಏನು. ಅವನ ಕೈಯಾಗ ಬೀರೋಬಾನ ಭಂಡಾರ ಹಿಡಿಸಿ ಆಣಿ ತಗೊಂಡೆ. ನಾ ಎಲ್ಲಿ ಹೋದೆ, ಯಾಕ ಹೋದೆ, ಯಾರ ಮುಂದೂ ಬಾಯಿ ಬಿಡಬ್ಯಾಡ ಅಂತ." ಹೇಳಕೋತ ಹೇಳಕೋತ ಹೊರಸಿನ ಅಂಚು ಗಟ್ಟಿ ಹಿಡದ. "ಎಷ್ಟು ದಿನ ಅಂತ ಹೇಳೂದು ಮರತೆ. ಹಾರ್ನ್ ಹೊಡಿಯಾಕತ್ತಿದ್ರಲ್ಲ. ಎಷ್ಟು ದಿನ ಅಂತ ಹೇಳಲೇ ಇಲ್ಲ. ಅಂವಾ ಇನ್ನೂ ಹಿಡಕೊಂಡು ಕುಂತಾನೇನು?"

"ಇನ್ನೂ. ಗುಡಿ ಹೊರಗ ಕುಂತಾನ."

ಲೀಲಾಬಾಯಿ ಗಂಡನ ಕಡೆ ನೋಡಿದ ನೋಟ ನಾ ಬರಿಯಂಗಿಲ್ಲ. ಯಾಕ ಒಮ್ಮೆನೂ ಊರಿಗೆ ಬರಲಿಲ್ಲ ಅಂತ ಕೇಳಿದ್ದಕ್ಕ ಅಂವಾ ಅಂದ, "ಮೊದಲ ಅಂಜಿಕಿ. ಆಮ್ಯಾಲ ನಾಚಿಕಿ. ಆಮ್ಯಾಲ ರೂಢಿ ಆತವ್ವಾ."

ಈಗ ಬರ್ರಿ ಅಂದೆ. ಆಣಿ ಬಿಡಿಸೂದು ಆಣಿ ತಗೊಂಡಾಂವಗ ಮಾತ್ರ ಬರತದ: ಅಮೋಗ ಭಂಡಾರ ತಿರುಗಿ ಇವನ ಅಂಗೈಯಾಗ ಹಾಕಬೇಕು, ಎದುರಾ ಎದುರು. ಫೋನಿನ್ಯಾಗ ಆಗಂಗಿಲ್ಲ, ಅದನ್ನೂ ಕೇಳಿ ನೋಡಿದೆ. ಆದ್ರ ಮುದುಕಂದು ಒಂದ ಹಟ: ತಮ್ಮ ಮಲಕಾಜಪ್ಪ ತಾನ ಕರೀಬೇಕು. ಇವನೊಬ್ಬನ್ನಲ್ಲ, ಲೀಲಾಬಾಯಿ ಹೆಸರು ತಗೊಂಡು ಕರೀಬೇಕು. "ಆಕೀನ ಹೊರಗ ನಿಲ್ಲಿಸಿ ನಾ ಒಳಗ ಹೋಗಂಗಿಲ್ಲ."

ಬರೋವಾಗ ಇಬ್ಬರ ಫೋಟೋ ತಗದೆ. ಸೂರಜ ನಂಬರ್ ಕೊಟ್ಟ. ಹೊಟ್ಟಿ ಹಸಿದಿತ್ತು, ಮೆಸ್ ಮಾವಶಿಗೆ ಹೇಳಿ ನಾಲ್ಕು ಚಪಾತಿ ಹೆಚ್ಚಿಗಿ ಹಾಕಿಸಕೊಂಡೆ.

ಸೆಪ್ಟೆಂಬರ್ 22, ಭಾನುವಾರ. ಊರಾಗ

ಮುತ್ಯಾಗ ಹೇಳಿದೆ, "ಮರೆಪ್ಪ ಮುತ್ಯಾ ಸಿಕ್ಕ."

"ಯಾವ ಮರೆಪ್ಪ?"

ಲೀಲಾಬಾಯಿ ಅಂದೆ, ಲಾರಿ ಅಂದೆ, ಅಡ್ಡ ಬಿದ್ದ ಮರಿ ಅಂದೆ. "ಈ ಸಲ ಕಡ್ಲಿ ಚಲೋ ಬರತಾವ" ಅಂದ. ಭಂಡಾರದ ಆಣಿ ಅಂದೆ. ಎದ್ದು ನೀರು ಕುಡದು ಬಂದ. ಆಯಿ ಒಲಿ ಮುಂದಿಂದ ಕೂಗಿದ್ಲು, "ಬಿಡು ಬೇ, ಅಂವಾ ಹೆಣ ಆದ್ರೂ ಹೇಳಂಗಿಲ್ಲ. ಈಗ ತಿಳೀತು ನನಗ, ಇಷ್ಟು ವರ್ಷ ಯಾವುದರ ಸಂಗಟ ಸಂಸಾರ ಮಾಡೀನಿ ಅಂತ."

ಆಕಿ ಅಳಾಕತ್ತಿದ್ಲು, ಮತ್ತ ಶೇಂಗಾ ಹೋಳಿಗಿ ಮಾಡಾಕೂ ಹತ್ತಿದ್ಲು.

ಫೋಟೋ ತೋರಿಸಿದೆ. ಮುತ್ಯಾ ಫೋನು ಎರಡೂ ಕೈಲೆ ಹಿಡದು ನೋಡಿದ. "ಯಾರೋ ಮುದುಕ," ಅಂದ. ಆದ್ರ ಫೋನು ತಿರುಗಿ ಕೊಡಲಿಲ್ಲ. ಸ್ಕ್ರೀನ್ ಆರಿದಾಗೊಮ್ಮೆ ಬೆರಳಿಲೆ ಕುಟ್ಟತಿದ್ದ. ಚಾರ್ಜ್ ಮುಗಿಯೋ ತನಕ.

ಇಂವಾ ಬಾಯಿ ಬಿಡಂಗಿಲ್ಲ, ಅಂವಾ ತಮ್ಮ ಕರಿಯೋ ತನಕ ಬರಂಗಿಲ್ಲ. ಯೋಗಿರಾಜ ಇಂಥಾದ್ರಾಗ ಏನು ಮಾಡತಿದ್ದ ಅಂತ ವಿಚಾರ ಮಾಡಿದೆ. ಅವನ ಕೈಯಿಂದ ಆಗಂಗಿಲ್ಲ ಅನಸ್ತು.

ಸೆಪ್ಟೆಂಬರ್ 29, ಭಾನುವಾರ. ಊರಾಗ

ಮುಂಜಾನೆ ಎದ್ದು ಮಲಕಾಜಪ್ಪ ಕಾಕಾನ ದ್ರಾಕ್ಷಿ ತೋಟಕ್ಕ ಹೋದೆ. ಪೈಪು ಜೋಡಸಾಕತ್ತಿದ್ದ. "ಏನು ಅಮೋಗನ ಮೊಮ್ಮಗಳು, ದಾರಿ ತಪ್ಪಿ ಬಂದೀ?" ಅಂದ.

"ಇಲ್ಲ ಕಾಕಾ. ನಿಮ್ಮ ಕಡೇನ ಬಂದೀನಿ. ಕೂಡ್ರಿ."

ಕುಂತ. ಎಲ್ಲಾ ಹೇಳಿದೆ. ನಡುವ ಎರಡು ಸಲ ಎದ್ದು ನಿಂತ, ಎರಡು ಸಲಾನೂ ಕೂಡ್ರಿ ಅಂದೆ. ಮುಗಿಸಿ ಫೋಟೋ ಕೊಟ್ಟೆ. ಬಿಸಲಾಗ ಕಾಣವಲ್ದು ಅಂತ ರುಮಾಲಿನ ನೆಳ್ಳಾಗ ಹಿಡಕೊಂಡು ನೋಡಿದ.

"ಹಲ್ಲೆಲ್ಲಾ ಹೋಗ್ಯಾವಲ್ಲ ಇವನವು."

"ಹೌದ್ರಿ."

"ನಕ್ರ ಥೇಟ್ ನಮ್ಮಪ್ಪ." ಫೋನು ತಿರುಗಿ ಕೊಟ್ಟ. "ವರ್ಷಾ ಮಾನೌಮಿ ಅಮಾಸಿಗೆ ಇವಗ ಎಡಿ ಇಟ್ಟೀನಿ. ಸತ್ತ ಹಿರ್ಯಾರ ಸಾಲಿನ್ಯಾಗ. ಮಾಳಗಿ ಮ್ಯಾಲ, ಹೋಳಿಗಿ ತುಪ್ಪ ಹಾಕಿ. ಅಣ್ಣ ಬಂದು ಉಂಡ ಅಂತ ನಾ ಕೈ ಮುಗೀತಿದ್ದೆ. ಅಂದ್ರ ಇಷ್ಟು ವರ್ಷ ಎಲ್ಲಾ ಬರೇ ಕಾಗಿ ತಿಂದು ಹೋದವೇನು?"

ನನಗ ನಗು ತಡಿಯಾಕ ಆಗಲಿಲ್ಲ. ನಗಬಾರದಿತ್ತು. ಅಂವಾ ನನ್ನ ನೋಡಿದ, ಮೀಸಿ ನಡಗಿತು, ಆಮ್ಯಾಲ ಅವನೂ ನಕ್ಕ. ಪೈಪಿನ ನೀರು ತುಂಬಿ ನಮ್ಮ ಕಾಲಾಗ ಹರಿಯಾಕತ್ತಿತ್ತು, ಇಬ್ಬರೂ ಏಳಲಿಲ್ಲ.

ಕಾಕಾ ತನ್ನ ಮನಿಗೆ ಹೋಗಿ ಭಂಡಾರದ ಚೀಲ ತಗೊಂಡು ಸೀದಾ ನಮ್ಮ ಮನಿಗೆ ಬಂದ. ಮುತ್ಯಾ ಕಟ್ಟಿ ಮ್ಯಾಲ ಕುಂತಿದ್ದ.

"ಒಂದ್ ಮಾತು ಹೇಳಾಕ ಬರ್ತಿದ್ದಿಲ್ಲೇನೋ ಅಮೋಗಾ? ಇಡೀ ಜನ್ಮ?"

"ಮಳಿ ಆಗೂವಂಗ ಕಾಣತದ," ಅಂದ ಮುತ್ಯಾ.

ಕಾಕಾ ಮುಷ್ಟಿ ತುಂಬ ಭಂಡಾರ ತಗದು ಅವನ ಹಣಿಗೆ, ಗಲ್ಲಕ್ಕ, ರುಮಾಲಿಗೆ ಎಲ್ಲಾ ಬಳದ. ಕಣ್ಣಾಗೂ ಹೋತು. ಮುತ್ಯಾ ಕಣ್ಣು ಮುಚ್ಚಿ ಕುಂತಾಂವಾ ತಗೀಲೇ ಇಲ್ಲ. ಭಂಡಾರ ಬಿದ್ದದ್ದಕ್ಕ ನೀರು ಬಂತು ಅಂತ ಆಯಿ ಎಲ್ಲಾರಿಗೂ ಹೇಳಾಕತ್ತಿದ್ಲು. ಓಣಿ ಮಂದಿ ಕೂಡಿತು. ಯಾರೋ ಓಡಿ ಹೋಗಿ ಗುಡಿಯಿಂದ ದೊಡ್ಡ ಡೊಳ್ಳ ತಂದ್ರು, ಹಗ್ಗ ಬಿಗಿದು ಮುತ್ಯಾನ ಮುಂದಿಟ್ರು. ಕೋಲು ಕೈಯಾಗ ಕೊಟ್ರು.

ಕೋಲು ತೊಡಿ ಮ್ಯಾಲ ಇಟ್ಟಕೊಂಡ. ಬಾರಸಲಿಲ್ಲ. ಗದ್ದಾ ಎತ್ತಿ ನನ್ನ ಫೋನಿನ ಕಡೆ ತೋರಿಸಿ, "ಬರೋರು ಬರಲಿ" ಅಂದ. ಅದಕ್ಕಿಂತ ಹೆಚ್ಚು ಹೇಳಿದ್ರ ಆಣಿ ಮುರೀತದ.

ಕಾಕಾ ನನ್ನ ಮಗ್ಗಲಾ ಬಂದು ಕುಂತ. ಫೋನಿನ್ಯಾಗ ಮಾತಾಡ್ರಿ, ಹಚ್ಚಿ ಕೊಡತೀನಿ ಅಂದೆ. "ಬ್ಯಾಡ. ಬರಿ. ನಿನಗ ಕನ್ನಡ ಚಂದ ಬರತದಂತ." ಯಾರು ಹೇಳಿದ್ರೋ. ಅಂವಾ ಹೇಳಿದಂಗ ಟೈಪ್ ಮಾಡಿ ಸೂರಜನ ನಂಬರ್‌ಗೆ ಕಳಸೀನಿ. ಇಲ್ಲೂ ಇಳಿಸಿ ಇಡತೀನಿ:

"ಅಣ್ಣಾ ಮರೆಪ್ಪಾ, ನಮ್ಮ ವಹಿನಿ ಲೀಲಾಬಾಯಿ, ಇಬ್ಬರಿಗೂ ಮಲಕಾಜಿಯ ಶರಣು. ಬುಧವಾರ ಮಾನೌಮಿ ಅಮಾಸಿ. ಈ ಸಲ ನಿನ್ನ ಎಡಿ ಮಾಳಗಿ ಮ್ಯಾಲ ಇಡಂಗಿಲ್ಲ. ಪಡಸಾಲಿಯೊಳಗ ತಾಟು ಇಡತೀನಿ, ನಿನಗೊಂದು, ವಹಿನಿಗೊಂದು. ಬಂದು ಕುಂತು ಉಣ್ಣು. ಹೋಳಿಗಿ ಮೆತ್ತಗ ಮಾಡಸ್ತೀವಿ. ಮಕ್ಕಳು ಮೊಮ್ಮಕ್ಕಳು ಎಲ್ಲಾರನೂ ಕರಕೊಂಡು ಬಾ. ಕೊಡ್ಲಿ ಮಾರಿ ಭಾಳ ದಿನ ಆತು. ಅಮೋಗ ಡೊಳ್ಳು ಮುಂದಿಟ್ಟಕೊಂಡು ಕುಂತಾನ, ನೀ ಬಂದು ಅವನ ಆಣಿ ಬಿಡಿಸೋ ತನಕ ಬಾರಸಂಗಿಲ್ಲ. ಮೈಂದರ್ಗಿ ಸ್ಟ್ಯಾಂಡಿಗೆ ನಾನ ಗಾಡಿ ತಗೊಂಡು ಬರತೀನಿ. ಯಾವ ಬಸ್ಸಿಗೆ ಬರತೀರಿ, ಎಷ್ಟು ಮಂದಿ ಬರತೀರಿ, ಇವತ್ತ ಲಗೂನ ತಿಳಸ್ರಿ."